ಕಾರಾಗೃಹದಲ್ಲಿ ಕ್ಷಯ ತಪಾಸಣೆ: ಡಬ್ಬಿಗೆ ಉಗುಳಲ್ಲ, ಕಫ ಬೀಳಬೇಕು

ಬ್ಯಾರಕ್ಕಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಮಲಗುವವರ ನಡುವೆ ಕ್ಷಯ ಗಾಳಿಯಲ್ಲೇ ಹರಡುವುದರಿಂದ, ಬಂದಿ ಒಳಬಂದ ದಿನವೇ ತಪಾಸಣೆ ಆರಂಭವಾಗಬೇಕು. ಎರಡು ವಾರ ದಾಟಿದ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವೆಯೇ ಎಂದು ಸಹಬಂದಿಗಳ ಕಿವಿಗೆ ಬೀಳದಂತೆ ಕೇಳಿ. ಕೋಲಾರ ಜಿಲ್ಲೆಯಲ್ಲಾದರೆ ಗಣಿ, ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ದುಡಿದದ್ದುಂಟೇ ಎಂದೂ ವಿಚಾರಿಸಲೇಬೇಕು. ಕೆಜಿಎಫ್ ಚಿನ್ನದ ಗಣಿ 2001ರಲ್ಲೇ ಮುಚ್ಚಿದರೂ, ಸಿಲಿಕಾ ಧೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ತಗಲುವ ಅಪಾಯ ಕೆಲಸ ಬಿಟ್ಟ ಮೇಲೂ ಉಳಿಯುತ್ತದೆ.

ಲಕ್ಷಣವಿಲ್ಲದವರಿಗೂ ಎದೆಯ ಎಕ್ಸ್-ರೇ ತೆಗೆಸಿ.

ಕೆಲಸ ಕೆಡುವುದು ಕಫ ಸಂಗ್ರಹದಲ್ಲಿ. ಶಿಬಿರವೊಂದರಲ್ಲಿ ಸಾಲಾಗಿ ನಿಂತವರಿಗೆ ಡಬ್ಬಿ ಕೊಟ್ಟು ‘ಉಗುಳಿ’ ಎಂದರು. ಎಲ್ಲರೂ ಉಗುಳಿದರು, ಬಂದದ್ದು ಬರೀ ಎಂಜಲು. ಆದ್ದರಿಂದ ಮೊದಲು ಮಾತನ್ನೇ ತಿದ್ದಿಕೊಳ್ಳಿ: ಕನ್ನಡದಲ್ಲಿ ‘ಎದೆಯೊಳಗಿನ ಕಫ’ ಎನ್ನಿ, ತೆಲುಗಿನವರಿಗೆ ‘ಉಮ್ಮಿ’ (ಎಂಜಲು) ಬೇಡ, ‘ತೆಮಡ’ (ಕಫ) ಬೇಕು ಎಂದು ಬಿಡಿಸಿ ಹೇಳಿ. ಬಂದಿ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಹೊಟ್ಟೆಯಿಂದ ಬಲವಾಗಿ ಕೆಮ್ಮಿ, ಬಂದದ್ದನ್ನು ನೇರವಾಗಿ ಡಬ್ಬಿಗೆ ಹಾಕಬೇಕು. ಈ ಕೆಲಸ ನಡೆಯಬೇಕಾದದ್ದು ಬಯಲಿನಲ್ಲಿ, ಇತರರಿಂದ ದೂರದಲ್ಲಿ. ಬ್ಯಾರಕ್ಕಿನಲ್ಲಾಗಲಿ ಶೌಚಾಲಯದಲ್ಲಾಗಲಿ ಕೂಡದು. ಕನಿಷ್ಠ 2 ಮಿಲಿಲೀಟರ್ ಗಟ್ಟಿ ಕಫ ಇರಲಿ. ತಿಳಿನೀರಿನಂತಿದ್ದರೆ ಬೇಸರಿಸದೆ ಮತ್ತೊಮ್ಮೆ ತೆಗೆಸಿ. ಬೆಳಗಿನ ಮೊದಲ ಕಫವೇ ಉತ್ತಮವಾದ್ದರಿಂದ ಹಿಂದಿನ ಸಂಜೆಯೇ ಡಬ್ಬಿ ಹಂಚಿ, ಬೀಗ ತೆಗೆದ ಕೂಡಲೇ ಹೊರಗೆ ಕರೆತರುವಂತೆ ಸಿಬ್ಬಂದಿಯೊಡನೆ ಮಾತಾಡಿಕೊಳ್ಳಿ. ಹೆಸರಿನ ಚೀಟಿಯನ್ನು ಮುಚ್ಚಳಕ್ಕಲ್ಲ, ಡಬ್ಬಿಯ ಮೈಗೆ ಅಂಟಿಸಿ. ಮುಚ್ಚಳಗಳು ಅದಲುಬದಲಾದರೆ ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಬರುತ್ತದೆ.

ಮಾದರಿಯನ್ನು ಕಫದಲ್ಲಿರುವ ಕ್ಷಯ ರೋಗಾಣುವಿನ ಡಿಎನ್‌ಎ ಪತ್ತೆಹಚ್ಚುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರಕ್ಕೇ ಕಳುಹಿಸಿ. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ರಕ್ತದ ಹನಿಯಿಂದ ಕ್ಷಯ ಹೇಳುತ್ತೇವೆನ್ನುವ ಪ್ರತಿಕಾಯ ಕಿಟ್‌ಗಳನ್ನು ಯಾರೇ ತಂದುಕೊಟ್ಟರೂ ಮುಟ್ಟಬೇಡಿ, ಅವನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ರೋಗ ದೃಢಪಟ್ಟವರಿಗೆ ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆಯೂ ಆಗಲಿ.

ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳದ್ದು, ಆದರೆ ವಿಚಾರಣಾಧೀನ ಬಂದಿಗೆ ಜಾಮೀನು ಯಾವ ಸಂಜೆಯಾದರೂ ಸಿಗಬಹುದು. ಹಾಗಾಗಿ ಮಾತ್ರೆ ಶುರುಮಾಡಿದ ದಿನವೇ ಊರು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಮನೆಯವರ ಫೋನ್ ನಂಬರ್ ಬರೆದುಕೊಂಡು, ನಿಕ್ಷಯ್ (ಕ್ಷಯ ರೋಗಿಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣ) ಸಂಖ್ಯೆಯ ಚೀಟಿಯನ್ನು ಅವರ ಕೈಗೇ ಕೊಡಿ.