ಅಮೆರಿಕದಲ್ಲಿ ಮೆದುಳಿನ ಕ್ಯಾನ್ಸರ್: ಜೀನ್ ಎಡಿಟಿಂಗ್ ಟ್ರಯಲ್ ಹುಡುಕುವವರಿಗೆ

ಮನೆಯವರಿಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿದ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಫೋನ್ ಹಿಡಿದು ಹುಡುಕುತ್ತಾ ಕೂರುತ್ತೇವೆ. ಆಗ ಇಸ್ರೇಲ್‌ನ ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿ ಡಾನ್ ಪೀರ್ ತಂಡದ 2020ರ ಸುದ್ದಿ ಕಣ್ಣಿಗೆ ಬೀಳಬಹುದು. ಕೊಬ್ಬಿನ ನ್ಯಾನೋ (ಅತಿ ಸಣ್ಣ) ಹನಿಯೊಳಗೆ ಜೀನ್ ಕತ್ತರಿಸುವ ಸಾಧನ ಕ್ರಿಸ್ಪರ್ ತುಂಬಿ, ಇಲಿಯ ಮೆದುಳಿಗೆ ಒಂದೇ ಒಂದು ಇಂಜೆಕ್ಷನ್ ಕೊಟ್ಟರು. ಕ್ಯಾನ್ಸರ್ ಕೋಶ ಒಂದು ಎರಡಾಗಲು ಬೇಕಾದ ಪಿಎಲ್‌ಕೆ1 ಜೀನ್ ಅನ್ನು ಅದು ಕತ್ತರಿಸಿತು. ಗಡ್ಡೆಯ ಬೆಳವಣಿಗೆ ಶೇ. 50ರಷ್ಟು ತಗ್ಗಿತು, ಬದುಕುವ ಅವಕಾಶ ಶೇ. 30ರಷ್ಟು ಹೆಚ್ಚಿತು.

ಆದರೆ ಅದು ಇಲಿಗಳಲ್ಲಿ. ರಕ್ತಕ್ಕೆ ಬಿಟ್ಟರೆ ಈ ಹನಿಗಳು ಹೆಚ್ಚಾಗಿ ಲಿವರ್ ಸೇರುತ್ತವೆ. 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿನಿಂದ ಜೀನ್ ಕಾಯಿಲೆಯಿದ್ದ ಒಂದು ಮಗುವಿಗೆ ಇಂಥದ್ದೇ ಹನಿಗಳಲ್ಲಿ ಜೀನ್ ಎಡಿಟಿಂಗ್ ಚಿಕಿತ್ಸೆ ಕೊಟ್ಟಾಗಲೂ ತಿದ್ದಿದ್ದು ಲಿವರ್‌ನ ಕೋಶಗಳನ್ನೇ. ಮೆದುಳಿಗೆ ರಕ್ತನಾಳಗಳ ಗೋಡೆಯದೇ ಗಟ್ಟಿ ಕಾವಲಿದೆ. ಹಾಗಾಗಿ "ಕ್ರಿಸ್ಪರ್ ಚಿಕಿತ್ಸೆ ಕೊಡ್ತೀವಿ, ಹಣ ಕಟ್ಟಿ" ಎನ್ನುವ ಯಾವ ಕ್ಲಿನಿಕ್ಕನ್ನೂ ದಯವಿಟ್ಟು ನಂಬಬೇಡಿ. ಇಲ್ಲಿ ಹೊಸ ಔಷಧಿಯನ್ನು ಮನುಷ್ಯರಿಗೆ ಕೊಡುವ ಮುಂಚೆ ಔಷಧಿ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಐಎನ್‌ಡಿ ಎಂಬ ಅರ್ಜಿ ಹಾಕಬೇಕು. ಐಆರ್‌ಬಿ ಎಂಬ ನೈತಿಕ ಸಮಿತಿಯೂ ಒಪ್ಪಬೇಕು. ಟ್ರಯಲ್‌ಗಳ, ಅಂದರೆ ಮನುಷ್ಯರ ಮೇಲಿನ ಪ್ರಯೋಗಗಳ, ಪಟ್ಟಿ ಇರುವ ಸರ್ಕಾರಿ ವೆಬ್‌ಸೈಟ್ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ ಕಾಯಿಲೆಯ ಹೆಸರು ಹಾಕಿ, 'ರಿಕ್ರೂಟಿಂಗ್' (ಈಗ ಜನರನ್ನು ಸೇರಿಸಿಕೊಳ್ಳುತ್ತಿರುವವು) ಆರಿಸಿ ಹುಡುಕಿ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಸರ್ಕಾರ ಒಪ್ಪಿದೆ ಎಂದಲ್ಲ, ನಿಮ್ಮ ಡಾಕ್ಟರಿಗೂ ತೋರಿಸಿ. ಫೇಸ್ 1, ಟ್ರಯಲ್‌ನ ಮೊದಲ ಹಂತ, ಅಂದರೆ ಮುಖ್ಯವಾಗಿ ಡೋಸ್ ಮತ್ತು ಸುರಕ್ಷತೆಯ ಪರೀಕ್ಷೆ. ಗುಣವಾಗುತ್ತದೆ ಎಂಬ ಮಾತು ಅದರಲ್ಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಆಪರೇಷನ್‌ಗೆ ಮೊದಲೇ ಟ್ರಯಲ್ ಬಗ್ಗೆ ಕೇಳಿ. ಕೆಲವು ಟ್ರಯಲ್‌ಗಳು ಹೊಸದಾಗಿ ಪತ್ತೆಯಾದವರಿಗೆ, ಕೆಲವು ಕ್ಯಾನ್ಸರ್ ಮತ್ತೆ ಬಂದವರಿಗೆ. ಅವಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ತಗೊಂಡಿದ್ದರೆ ಕೆಲವು ಬಾಗಿಲು ಮುಚ್ಚಿಬಿಡುತ್ತವೆ. ತೆಗೆದ ಗಡ್ಡೆಯ ಒಂದು ಭಾಗವನ್ನು ಫ್ರೀಜ್ ಮಾಡಿ ಇಡಲು ಸಾಧ್ಯವೇ ಅಂತ ಸರ್ಜನ್ನರನ್ನು ಕೇಳಿ. ಗಡ್ಡೆಯ ಜೀನ್ ಪರೀಕ್ಷೆಗಳಾದ ಎಂಜಿಎಂಟಿ ಮತ್ತು ಐಡಿಎಚ್ ರಿಪೋರ್ಟ್ ಪಡೆಯಿರಿ. ಎನ್‌ಸಿಐ (ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ) ಮಾನ್ಯತೆಯ ಕ್ಯಾನ್ಸರ್ ಸೆಂಟರ್‌ನಲ್ಲಿ ಎರಡನೇ ಅಭಿಪ್ರಾಯ ಕೇಳಲು ಸಂಕೋಚ ಬೇಡ, ಇಲ್ಲಿ ಡಾಕ್ಟರ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ದುಡ್ಡಿನ ಮಾತು. 2014ರಿಂದ ಹೆಚ್ಚಿನ ಖಾಸಗಿ ಇನ್ಶೂರೆನ್ಸ್‌ಗಳು ಕ್ಯಾನ್ಸರ್ ಟ್ರಯಲ್‌ನ ಮಾಮೂಲಿ ಖರ್ಚನ್ನು, ಅಂದರೆ ಸ್ಕ್ಯಾನ್, ರಕ್ತಪರೀಕ್ಷೆ, ಆಸ್ಪತ್ರೆ ವಾಸ, ಕೊಡಲೇಬೇಕು. ಪ್ರಯೋಗದ ಔಷಧಿಯನ್ನು ಸಾಮಾನ್ಯವಾಗಿ ಟ್ರಯಲ್ ನಡೆಸುವವರೇ ಕೊಡುತ್ತಾರೆ. ಆಸ್ಪತ್ರೆ ನಿಮ್ಮ ಇನ್ಶೂರೆನ್ಸ್‌ನ ನೆಟ್‌ವರ್ಕ್‌ನಲ್ಲಿದೆಯೇ ಅಂತ ಮೊದಲೇ ನೋಡಿಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರಿಗೆ ಕಾಯಿಲೆ ಗೊತ್ತಾದರೆ ಆಸ್ಪತ್ರೆಯ ಫೈನಾನ್ಷಿಯಲ್ ಕೌನ್ಸೆಲರ್‌ ಹತ್ತಿರ ಆ ದಿನವೇ ಮಾತಾಡಿ.

ಸಹಿ ಹಾಕುವ ಮುಂಚೆ ಕನ್‌ಸೆಂಟ್ ಫಾರ್ಮ್ ಮನೆಗೆ ತಂದು ಓದಿ. ಟ್ರಯಲ್‌ನಿಂದ ಯಾವಾಗ ಬೇಕಾದರೂ ಹೊರಬರಬಹುದು. ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಕಷ್ಟವಾದವರಿಗೆ ದುಭಾಷಿಯನ್ನು ಉಚಿತವಾಗಿ ಕೊಡಬೇಕು, ಫೋನ್‌ನಲ್ಲಾದರೂ ಸರಿ. ಕನ್ನಡ ದುಭಾಷಿ ಬೇಕು ಅಂತ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ. ಅಮ್ಮನಿಗೆ ಕೇಳಬೇಕಾದ್ದು ತುಂಬಾ ಇರುತ್ತದೆ. ಮಗನ ಬಾಯಿಂದ ಅರ್ಧಂಬರ್ಧ ಕೇಳುವ ಬದಲು, ಅವರೇ ಕನ್ನಡದಲ್ಲಿ ಕೇಳಲಿ.