ಬೆಂಗಳೂರಲ್ಲಿ ಬಾಡಿಗೆ ಮನೆ: ಗೋಡೆಯ ಬಣ್ಣ ಆಮೇಲೆ, ಮೊದಲು ನಲ್ಲಿ ತಿರುಗಿಸಿ

ದಾವಣಗೆರೆ ಕಡೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ನಮ್ಮವರ ಮಕ್ಕಳು ಏಳೆಂಟು ಜನರ ಜೊತೆ ಮನೆ ಹುಡುಕಲು ಅಲೆದಿದ್ದೇನೆ. ಎಲ್ಲರೂ ಮಾಡುವ ತಪ್ಪು ಒಂದೇ. ಭಾನುವಾರ ಬೆಳಗ್ಗೆ ಬಸ್ಸಿಳಿಯುತ್ತಾರೆ, ಬ್ರೋಕರ್ ಹಿಂದೆ ಹೋಗಿ ನಾಲ್ಕು ಮನೆ ನೋಡುತ್ತಾರೆ, ಹೊಸ ಬಣ್ಣದ ಗೋಡೆ ಕಂಡು ಸಂಜೆಯೊಳಗೆ ಟೋಕನ್ ಕೊಟ್ಟುಬಿಡುತ್ತಾರೆ. ಮೂರು ತಿಂಗಳಾಗುವಷ್ಟರಲ್ಲಿ ನಲ್ಲಿಯಲ್ಲಿ ನೀರಿಲ್ಲ, ಗೋಡೆ ತೇವ. ಬಿಟ್ಟು ಹೋಗೋಣ ಅಂದರೆ ಅಡ್ವಾನ್ಸ್ ಓನರ್ ಕೈಯಲ್ಲಿ.

ಹೆಜ್ಜೆ 1: ಬಂದ ವಾರವೇ ಮನೆ ಹಿಡಿಯಬೇಡಿ

ಎರಡು ವಾರ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇರಿ. ಅಷ್ಟೇ.

ಹೆಜ್ಜೆ 2: ಆಫೀಸಿನಿಂದ ಹಿಂದಕ್ಕೆ ಹುಡುಕುತ್ತಾ ಬನ್ನಿ

ಏರಿಯಾ ಹೆಸರು ಕೇಳಿ ಮನೆ ಹಿಡಿಯುವವರೇ ಜಾಸ್ತಿ. ಆಫೀಸಿಗೆ ಯಾವ ಮೆಟ್ರೊ ಹತ್ತಿರ ಅಂತ ಮೊದಲು ನೋಡಿ, ಆ ಲೈನಿನ ಮೇಲೆಯೇ ಹುಡುಕಿ. ವೈಟ್‌ಫೀಲ್ಡ್ ಕಡೆ ಕೆಲಸವಾದರೆ ನೇರಳೆ ಮಾರ್ಗ, ಎಲೆಕ್ಟ್ರಾನಿಕ್ ಸಿಟಿಯಾದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ. ರೈಲು ಬದಲಿಸದೆ ತಲುಪುವಂತಿದ್ದರೆ ಬಾಡಿಗೆ ಎರಡು ಸಾವಿರ ಜಾಸ್ತಿಯಾದರೂ ಅದೇ ಇರಲಿ ಅನ್ನುತ್ತೇನೆ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು, ಆ ಖರ್ಚನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ಕೆಲಸದ ದಿನ ಬೆಳಗ್ಗೆ ಎಂಟೂವರೆಗೆ ಆ ಮನೆಯಿಂದ ಆಫೀಸಿಗೆ ಒಮ್ಮೆ ಹೋಗಿ ನೋಡಿ. ಭಾನುವಾರದ ಮ್ಯಾಪಿನಲ್ಲಿ ಅರ್ಧ ಗಂಟೆ ತೋರಿಸಿದ ದಾರಿ ಸೋಮವಾರ ಒಂದೂವರೆ ಗಂಟೆ ಹಿಡಿಯುತ್ತದೆ.

ಹೆಜ್ಜೆ 3: ಕಾಲ್ನಡಿಗೆಯಲ್ಲಿ ಹುಡುಕಿ

ಬ್ರೋಕರ್ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಆ್ಯಪ್‌ಗಳಲ್ಲಿ ಓನರ್ ನಂಬರಿಗೆ ದುಡ್ಡು ಕಟ್ಟುವ ಪ್ಲಾನ್ ಇರುತ್ತದೆ, ನನ್ನ ಮಾತು ಕೇಳುವುದಾದರೆ ಅದನ್ನು ಕೊಳ್ಳಬೇಡಿ. ನಾನು ಒಮ್ಮೆ ಕಟ್ಟಿ ಫೋನ್ ಮಾಡಿದ ಹತ್ತು ನಂಬರಿನಲ್ಲಿ ಆರು ಬ್ರೋಕರುಗಳದೇ ಆಗಿದ್ದವು. ಸಂಜೆ ಆರಕ್ಕೆ ಆ ಏರಿಯಾದ ಅಡ್ಡರಸ್ತೆಗಳಲ್ಲಿ ನಡೆಯಿರಿ. ಗೇಟಿಗೆ ತೂಗುಹಾಕಿದ ಟು-ಲೆಟ್ ಬೋರ್ಡ್ ಇನ್ನೂ ಸತ್ತಿಲ್ಲ. ಇಸ್ತ್ರಿ ಅಂಗಡಿಯವರನ್ನು, ನಂದಿನಿ ಬೂತಿನವರನ್ನು ಕೇಳಿ, ಯಾವ ಮನೆ ಖಾಲಿಯಾಗುತ್ತಿದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಒಳ್ಳೆಯ ಫೋಟೊ, ಕಮ್ಮಿ ಬಾಡಿಗೆ, "ನಾನು ಸೇನೆಯಲ್ಲಿದ್ದೇನೆ, ಬೇರೆ ರಾಜ್ಯಕ್ಕೆ ವರ್ಗವಾಗಿದೆ, ಮನೆ ನೋಡಲು ಗೇಟ್‌ಪಾಸಿಗೆ ಸ್ವಲ್ಪ ದುಡ್ಡು ಹಾಕಿ" ಅಂತ ಯಾರಾದರೂ ಕೇಳಿದರೆ ಅಲ್ಲೇ ಫೋನ್ ಇಡಿ. ಅದು ಹಳೆಯ ಮೋಸ. ಒಳಗೆ ಕಾಲಿಡದ ಮನೆಗೆ ಒಂದು ರೂಪಾಯಿಯೂ ಬೇಡ.

ಹೆಜ್ಜೆ 4: ಮನೆ ನೋಡುವುದು

ಜನ ಹತ್ತು ನಿಮಿಷದಲ್ಲಿ ಮುಗಿಸುವುದು ಇದನ್ನೇ. ನೀವು ಮುಕ್ಕಾಲು ಗಂಟೆ ತೆಗೆದುಕೊಳ್ಳಿ, ಓನರ್ ಮುಖ ಸಣ್ಣದಾದರೂ ಪರವಾಗಿಲ್ಲ.

ಮೊದಲು ನೀರು. "ನೀರು ಇದೆಯಾ?" ಅಂತ ಕೇಳಬೇಡಿ, "ಇದೆ" ಅಂತಲೇ ಹೇಳುತ್ತಾರೆ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ? ಬೋರ್ ಇದೆಯಾ, ಬೇಸಿಗೆಯಲ್ಲಿ ನಿಲ್ಲುತ್ತದಾ? ಸಂಪ್ ಎಷ್ಟು ಲೀಟರಿನದು, ಎಷ್ಟು ಮನೆಗೆ? ಟ್ಯಾಂಕರ್ ತರಿಸಿದರೆ ದುಡ್ಡು ಯಾರದು? ಹೀಗೆ ಬಿಡಿಸಿ ಕೇಳಿ. ಅದೇ ಪ್ರಶ್ನೆಗಳನ್ನು ಪಕ್ಕದ ಮನೆಯ ಬಾಡಿಗೆದಾರರಿಗೂ ಕೇಳಿ, ಎರಡು ಉತ್ತರ ಕೂಡಿಬರುತ್ತವಾ ನೋಡಿ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು, ಟ್ಯಾಂಕರ್ ದರ ಕೈಮೀರಿ ಕೊನೆಗೆ ಜಿಲ್ಲಾಡಳಿತ ಬೆಲೆ ನಿಗದಿ ಮಾಡಬೇಕಾಯಿತು. ಆ ಮಾರ್ಚ್‌ನಲ್ಲಿ ಈ ಬೀದಿ ಹೇಗಿತ್ತು ಅಂತ ಕೇಳಿದರೆ ಮಿಕ್ಕಿದ್ದೆಲ್ಲ ತಾನಾಗಿ ಗೊತ್ತಾಗುತ್ತದೆ.

ಆಮೇಲೆ ನಲ್ಲಿ ತಿರುಗಿಸಿ. ಅಡುಗೆಮನೆಯದು, ಬಚ್ಚಲಿನದು ಎರಡನ್ನೂ ಒಟ್ಟಿಗೆ ಬಿಟ್ಟು ಫ್ಲಶ್ ಒತ್ತಿ, ನೀರಿನ ರಭಸ ಎಷ್ಟು ಇಳಿಯುತ್ತದೆ ನೋಡಿ. ನಲ್ಲಿಯ ಬಾಯಿಯಲ್ಲಿ, ಷವರಿನ ತೂತುಗಳಲ್ಲಿ ಬೆಳ್ಳಗೆ ಉಪ್ಪು ಕಟ್ಟಿದ್ದರೆ ಅದು ಗಡಸಾದ ಬೋರ್ ನೀರು. ಜೇಬಿನಲ್ಲಿ ಒಂದು ಸಣ್ಣ ಸೋಪು ಇಟ್ಟುಕೊಂಡು ಹೋಗಿ ಕೈ ತೊಳೆಯಿರಿ, ನೊರೆ ಬರದಿದ್ದರೆ ತಿಳಿಯಿತಲ್ವಾ. ಇನ್ನೂರು ಮುನ್ನೂರು ರೂಪಾಯಿಗೆ ನಲ್ಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಫಿಲ್ಟರ್ ಸಿಗುತ್ತದೆ, ಅದು ಮಣ್ಣು ಕಸ ತಡೆಯುತ್ತದೆಯೇ ಹೊರತು ಗಡಸನ್ನು ತೆಗೆಯುವುದಿಲ್ಲ. ದುಡ್ಡು ದಂಡ ಮಾಡಬೇಡಿ. ಅಡುಗೆಮನೆಗೆ ಕಾವೇರಿ ನೀರಿನ ಬೇರೆ ನಲ್ಲಿ ಇದ್ದರೆ ಆ ಮನೆಗೆ ಒಂದು ಅಂಕ ಜಾಸ್ತಿ ಕೊಡಿ.

ಇನ್ನು ಗೋಡೆ. ಹೊಸ ಬಣ್ಣದ ವಾಸನೆ ಬಂದರೆ ಖುಷಿಪಡಬೇಡಿ, ಏನನ್ನು ಮುಚ್ಚಿದ್ದಾರೆ ಅಂತ ಹುಡುಕಿ. ವಾರ್ಡ್‌ರೋಬಿನ ಒಳಮೈ ಮುಟ್ಟಿ ನೋಡಿ, ಅಲ್ಲಿ ಯಾರೂ ಬಣ್ಣ ಬಳಿಯುವುದಿಲ್ಲ. ಬಚ್ಚಲಿಗೆ ಅಂಟಿದ ರೂಮಿನ ಗೋಡೆಯ ಬುಡ ಉಬ್ಬಿದೆಯಾ? ಗ್ರೌಂಡ್ ಫ್ಲೋರ್ ಆದರೆ ಹೊರಗೆ ಹೋಗಿ ಕಾಂಪೌಂಡಿನ ಮೇಲೆ ಹಳೆಯ ನೀರಿನ ಗೆರೆ ಇದೆಯಾ ನೋಡಿ, ಹತ್ತಿರ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಇದ್ದರೆ ಹೋದ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ಕೇಳಿ. ನನ್ನ ಆಯ್ಕೆ ಯಾವಾಗಲೂ ಫಸ್ಟ್ ಫ್ಲೋರ್. ಕೆಳಗಡೆ ಮಳೆಗಾಲದ ಭಯ, ಮೇಲ್ಗಡೆ ಏಪ್ರಿಲ್ ತಿಂಗಳ ಬಿಸಿ.

ಕೊನೆಯದು ಕರೆಂಟ್ ಮೀಟರ್. ನಿಮ್ಮ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್, ಪ್ರತ್ಯೇಕ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್) ಇರಬೇಕು. ಒಂದೇ ಕನೆಕ್ಷನ್ನಿನಲ್ಲಿ ಮೂರು ಪೋರ್ಷನ್ ಮಾಡಿ ಸಬ್‌ಮೀಟರ್ ಹಾಕಿದ್ದರೆ ಓನರ್ ಹೇಳಿದ್ದೇ ಯೂನಿಟ್ ದರ, ನಿಮ್ಮ ಹೆಸರಲ್ಲಿ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯೂ ಇಲ್ಲ.

ಹಗಲು ನೋಡಿದ ಮನೆಯನ್ನು ರಾತ್ರಿ ಎಂಟಕ್ಕೆ ಇನ್ನೊಮ್ಮೆ ನೋಡಿ. ಮೊಬೈಲ್ ಸಿಗ್ನಲ್, ಬೀದಿದೀಪ, ಬೈಕ್ ನಿಲ್ಲಿಸಲು ಜಾಗ, ಎಲ್ಲ ಆಗಲೇ ಗೊತ್ತಾಗುವುದು. ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ, ಮನೆಗೆ ನೆಂಟರು ಬರಬಹುದಾ, ಮಾಂಸದಡುಗೆ ಮಾಡಬಹುದಾ, ಈ ಮಾತುಗಳನ್ನು ಸಂಕೋಚವಿಲ್ಲದೆ ಅವತ್ತೇ ಆಡಿ ಮುಗಿಸಿ.

ಹೆಜ್ಜೆ 5: ಅಡ್ವಾನ್ಸ್, ಅಗ್ರಿಮೆಂಟ್

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹಳೆಯ ಪದ್ಧತಿ. ಈಗ ಐದಾರು ತಿಂಗಳಿಗೆ ಒಪ್ಪುವವರು ತುಂಬಾ ಇದ್ದಾರೆ, ಚೌಕಾಸಿ ಮಾಡಲು ನಾಚಿಕೆ ಬೇಡ. ದುಡ್ಡು ಕೊಡುವ ಮುಂಚೆ ಕರೆಂಟ್ ಬಿಲ್ಲೋ ಮನೆ ಕಂದಾಯದ ರಸೀದಿಯೋ ತೋರಿಸಲು ಹೇಳಿ, ಅದರಲ್ಲಿರುವ ಹೆಸರಿನವರ ಬ್ಯಾಂಕ್ ಖಾತೆಗೇ ಹಾಕಿ. ನಗದು ಬೇಡವೇ ಬೇಡ.

ಅಗ್ರಿಮೆಂಟ್ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಬೇಕಾಗುತ್ತದೆ, ಅದನ್ನು ತಪ್ಪಿಸಲು ಈ 11. ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಜೆರಾಕ್ಸ್ ಅಂಗಡಿಯ ರೆಡಿಮೇಡ್ ಫಾರಂನಲ್ಲಿ. ಅದರಲ್ಲಿ ಬೇಕಾದ ಮಾತು ಒಂದೂ ಇರುವುದಿಲ್ಲ. ನಮ್ಮ ಅಕ್ಕನ ಮಗ ಓದದೆ ಸಹಿ ಹಾಕಿದ್ದ. ಮನೆ ಬಿಡುವಾಗ 'ಪೇಂಟಿಂಗ್ ಮತ್ತು ಇತರೆ' ಅಂತ ಎರಡು ತಿಂಗಳ ಬಾಡಿಗೆ ಮುರಿದುಕೊಂಡರು, ಮಿಕ್ಕಿದ್ದು ಕೈಗೆ ಬರಲು ನಾಲ್ಕು ತಿಂಗಳು ಓಡಾಡಿದ. ಆದ್ದರಿಂದ ಪೇಂಟಿಂಗಿಗೆ ಎಷ್ಟು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ನೋಟಿಸ್ ಇಬ್ಬರಿಗೂ ಎಷ್ಟು ದಿನ, ಕೀ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್, ಈ ನಾಲ್ಕನ್ನು ಅಂಕಿ ಸಮೇತ ಬರೆಸಿ. ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಕ್ಲೇಮ್ ಮಾಡುವವರು ಓನರ್ ಪ್ಯಾನ್ ನಂಬರನ್ನೂ ಆಗಲೇ ಕೇಳಿಬಿಡಿ.

ಬಾಡಿಗೆ ಉಳಿಯುತ್ತದೆ ಅಂತ ಹತ್ತಿಪ್ಪತ್ತು ಲಕ್ಷ ಕೊಟ್ಟು ಲೀಸಿಗೆ (ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್) ಹೋಗುವವರಿದ್ದಾರೆ. ಊರಿಗೆ ಹೊಸಬರಾದವರು ದಯವಿಟ್ಟು ಹೋಗಬೇಡಿ. ಆ ಮನೆಯ ಮೇಲೆ ಸಾಲವಿದ್ದು ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಮನೆಗೆ ಬೀಗ ಹಾಕುತ್ತಾರೆ, ನಿಮ್ಮ ಲಕ್ಷಗಳ ಹಿಂದೆ ಕೋರ್ಟಿಗೆ ಅಲೆಯಬೇಕಾದವರು ನೀವು.

ಹೆಜ್ಜೆ 6: ಕೀ ಸಿಕ್ಕ ದಿನ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೊ ಮಾಡಿ. ಒಡೆದ ಟೈಲ್ಸ್, ಗೀರು, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿರಲಿ, ಅವತ್ತೇ ಓನರ್ ವಾಟ್ಸ್ಆ್ಯಪಿಗೆ ಕಳಿಸಿ. ಹಿಂದಿನವರ ಕರೆಂಟ್ ಬಿಲ್ ಬಾಕಿ ಇದೆಯಾ ನೋಡಿಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ಆದರೆ ಆ ಆರ್‌ಆರ್ ನಂಬರಿಗೆ ಹಳೆಯ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು. ಅವರು ಊರು ಬಿಡುವ ಮುಂಚೆಯೇ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಮಾಡಿಸಿಕೊಳ್ಳಿ.