ಊರನ್ನು ಸರಿಯಾಗಿ ಕಟ್ಟಿದವರಿಗೆ ಒಂದು ಗೌರವ: ನನ್ನ ಅನುಭವ

ನಮ್ಮಲ್ಲಿ ಸನ್ಮಾನಕ್ಕೆ ಬರವಿಲ್ಲ. ರಾಜ್ಯೋತ್ಸವ ಬಂದರೆ ಸಾಕು, ಪ್ರತಿ ಊರಲ್ಲೂ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧ. ಕಲಾವಿದರಿಗೆ ಕೊಡುತ್ತೇವೆ, ಮೇಷ್ಟ್ರುಗಳಿಗೆ ಕೊಡುತ್ತೇವೆ, ಕೃಷಿಕರಿಗೆ ಕೊಡುತ್ತೇವೆ. ಕೊಡಲೇಬೇಕು. ಆದರೆ ಮಳೆ ನೀರು ಮನೆಗೆ ನುಗ್ಗದ ಹಾಗೆ ಬಡಾವಣೆ ನಕ್ಷೆ ಹಾಕಿದವರನ್ನು, ಸಿಎ ಸೈಟು, ಅಂದರೆ ಬಡಾವಣೆಯಲ್ಲಿ ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ, ಒತ್ತುವರಿಯಾಗದಂತೆ ಕಾಪಾಡಿದವರನ್ನು ವೇದಿಕೆಗೆ ಕರೆದದ್ದನ್ನು ನಾನು ನೋಡಿರಲಿಲ್ಲ. ಒಳ್ಳೆಯ ಯೋಜನೆಯ ಪಾಡೇ ಅದು. ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ಸರಿಯಿದ್ದರೆ ಯಾರ ಕಣ್ಣಿಗೂ ಬೀಳಲ್ಲ.

ನಾನು ನಗರ ಯೋಜನೆ ಓದಿ, ಸಣ್ಣ ಊರುಗಳ ಮಹಾಯೋಜನೆ, ಬಡಾವಣೆ ನಕ್ಷೆಗಳ ಮೇಲೆ ಕೆಲಸ ಮಾಡುತ್ತಾ ಬಂದವನು. ಕೆಲವು ವರ್ಷಗಳ ಹಿಂದೆ ನಾವೊಂದಿಷ್ಟು ಜನ ಸೇರಿ, ನಮ್ಮ ಜಿಲ್ಲೆಯ ಮಟ್ಟಿಗೆ ಇಂಥದ್ದೊಂದು ಗೌರವ ಶುರು ಮಾಡಿದೆವು. ಜೊತೆಗಿದ್ದವರು ನಿವೃತ್ತ ಮುಖ್ಯಾಧಿಕಾರಿ, ಒಬ್ಬ ಸಿವಿಲ್ ಇಂಜಿನಿಯರ್, ಭೂಗೋಳದ ಮೇಷ್ಟ್ರು, ಸ್ತ್ರೀಶಕ್ತಿ ಸಂಘ ನಡೆಸುವ ಒಬ್ಬ ಅಕ್ಕ. ಹಣ ಜಾಸ್ತಿ ಇರಲಿಲ್ಲ. ಯಾವ ಕೆಲಸವನ್ನು ಗೌರವಿಸಬೇಕು, ಹೇಗೆ ಹುಡುಕಬೇಕು ಅನ್ನುವುದಕ್ಕೇ ನಮ್ಮ ತಲೆ ಹೆಚ್ಚು ಖರ್ಚಾಯಿತು.

ಇರುವ ಪ್ರಶಸ್ತಿಗಳನ್ನು ಮೊದಲು ನೋಡಿದೆವು. ರಾಜ್ಯ ಸರ್ಕಾರದ ಗಾಂಧಿ ಗ್ರಾಮ ಪುರಸ್ಕಾರ ತಾಲ್ಲೂಕಿಗೊಂದು ಗ್ರಾಮ ಪಂಚಾಯ್ತಿಗೆ ಸಿಗುತ್ತದೆ, ಜೊತೆಗೆ 5 ಲಕ್ಷ ರೂಪಾಯಿ. ಸಣ್ಣ ಪಂಚಾಯ್ತಿಗೆ ಅದು ದೊಡ್ಡ ಉತ್ತೇಜನವೇ. ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆಯೂ ಇದೆ. 2016ರಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂದಾಗ ನಮಗೆಲ್ಲ ಹೆಮ್ಮೆ. ಆ ಸಲ ಇದ್ದದ್ದು ಒಟ್ಟು 2000 ಅಂಕ. ಅರ್ಧದಷ್ಟು ನಗರಪಾಲಿಕೆ ಕೊಟ್ಟ ದಾಖಲೆಗೆ, 500 ಸ್ಥಳಕ್ಕೆ ಬಂದು ನೋಡಿದ್ದಕ್ಕೆ, ಇನ್ನು 500 ಜನರ ಅಭಿಪ್ರಾಯಕ್ಕೆ. ಕಾಗದಕ್ಕೆ ಅರ್ಧ ಅಂಕ ಅನ್ನುವುದು ನನಗೆ ಜಾಸ್ತಿ ಅನ್ನಿಸಿತು. ಇಡೀ ದೇಶದ ನಗರಗಳನ್ನು ಅಳೆಯುವಾಗ ಹಾಗೆ ಮಾಡಬೇಕಾಗಬಹುದು. ಒಂದು ಜಿಲ್ಲೆಗೆ ಆ ಕಟ್ಟುಪಾಡು ಯಾಕೆ? ನಾವು ಬಸ್ ಹತ್ತಿ ಹೋಗಿ ನೋಡಬಹುದು.

ನನಗೆ ದಾರಿ ತೋರಿಸಿದ್ದು ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ. 1977ರಲ್ಲಿ ಹುಟ್ಟಿದ್ದು, ಮೂರು ವರ್ಷಕ್ಕೊಮ್ಮೆ ಕೊಡುತ್ತಾರೆ. ಅಲ್ಲಿ ಕೆಲಸ ಮುಗಿದು ಕನಿಷ್ಠ ಒಂದು ವರ್ಷ ಬಳಕೆಯಲ್ಲಿರಬೇಕು. ಫೋಟೋ ನೋಡಿ ತೀರ್ಪು ಕೊಡುವುದಿಲ್ಲ, ತಿಳಿದವರನ್ನು ಜಾಗಕ್ಕೇ ಕಳಿಸಿ ವರದಿ ತರಿಸುತ್ತಾರೆ. ಗೌರವವೂ ಆರ್ಕಿಟೆಕ್ಟ್ ಒಬ್ಬರಿಗೇ ಅಲ್ಲ. ಕಟ್ಟಿದ ಮೇಸ್ತ್ರಿ, ಇಂಜಿನಿಯರ್, ಕೆಲಸ ಮಾಡಿಸಿದ ನಗರಸಭೆಗೂ ಸಲ್ಲುತ್ತದೆ. 1995ರಲ್ಲಿ ಇದು ಇಂದೋರಿನ ‘ಅರಣ್ಯ’ ಅನ್ನುವ ಹೆಸರಿನ ಬಡಾವಣೆಗೆ ಬಂತು. ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ ಅವರ ತಂಡದ ಯೋಜನೆ ಅದು. ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ನಿವೇಶನ, ತಳಪಾಯ, ನೀರು, ಒಳಚರಂಡಿ, ಶೌಚಾಲಯ ಕೊಟ್ಟರು. ಹೇಗೆಲ್ಲ ಕಟ್ಟಬಹುದು ಅಂತ 80 ಮಾದರಿ ಮನೆ ಕಟ್ಟಿ ತೋರಿಸಿದರು. ಉಳಿದದ್ದನ್ನು ಆಯಾ ಮನೆಯವರು ಕೈಗೆ ಕಾಸು ಬಂದ ಹಾಗೆ ಕಟ್ಟಿಕೊಂಡರು. ಗುದ್ದಲಿ ಪೂಜೆ, ಉದ್ಘಾಟನೆ ಲೆಕ್ಕದಲ್ಲಿ ಅದನ್ನು ಅಳೆದಿದ್ದರೆ ಏನು ಕಾಣುತ್ತಿತ್ತು? ತಳಪಾಯ ಮತ್ತು ಪೈಪು, ಅಷ್ಟೇ ಅಲ್ವಾ? ಜನ ಬಂದು ನೆಲೆ ನಿಂತ ಮೇಲೆ ಹೋದರೇ ಅದರ ಬೆಲೆ ತಿಳಿಯುವುದು.

ಇದರಿಂದ ನಮ್ಮ ಮೊದಲ ನಿಯಮ ಹುಟ್ಟಿತು. ಕಾಮಗಾರಿ ಮುಗಿದು ಮೂರು ಮಳೆಗಾಲ ಕಳೆದಿರಬೇಕು. ಒಂದು ಮಳೆಗಾಲ ಸಾಲದು. ಮೊದಲ ವರ್ಷ ಗುತ್ತಿಗೆದಾರರ ಹೊಣೆ ಇನ್ನೂ ಇರುತ್ತದೆ, ಕಿತ್ತುಹೋದದ್ದನ್ನು ಅವರೇ ಮುಚ್ಚುತ್ತಾರೆ. ಮೂರನೇ ವರ್ಷಕ್ಕೆ ಊರೇ ನೋಡಿಕೊಳ್ಳಬೇಕು. ನಿರ್ವಹಣೆಗೆ ಯಾರು, ಹಣ ಎಲ್ಲಿಂದ ಅಂತ ಯೋಚಿಸಿ ಮಾಡಿದ ಯೋಜನೆ ಯಾವುದು, ಸುಮ್ನೆ ಮಾಡಿ ಮುಗಿಸಿದ್ದು ಯಾವುದು ಅಂತ ಆಗ ಗೊತ್ತಾಗುತ್ತದೆ.

ಎರಡನೆಯದು, ಕೆಲಸ ಮಾಡಿದವರೇ ಅರ್ಜಿ ಹಾಕುವ ಹಾಗಿಲ್ಲ. ಬಳಸುವವರು ಹೆಸರು ಸೂಚಿಸಬೇಕು. ಅರ್ಜಿ ಒಂದೇ ಪುಟ, ಕೈಬರಹ ಆದರೂ ಸರಿ. ಮೂರನೆಯದು, ನೋಡಲು ಹೋಗುವಾಗ ಹೇಳಿ ಹೋಗುವುದಿಲ್ಲ. ಹೇಳಿ ಹೋದರೆ ಬ್ಲೀಚಿಂಗ್ ಪೌಡರ್ ಬಿದ್ದಿರುತ್ತದೆ. ಹಾಗಾಗಿ ಒಂದು ಸಲ ಮಳೆ ಬರುವಾಗ, ಇನ್ನೊಂದು ಸಲ ಕತ್ತಲಾದ ಮೇಲೆ ಹೋಗಿ ನೋಡುತ್ತೇವೆ. ಕತ್ತಲಾದ ಮೇಲೆ ಹೋಗಲೇಬೇಕು ಅಂತ ಹಟ ಹಿಡಿದವರು ನಮ್ಮ ಸ್ತ್ರೀಶಕ್ತಿ ಸಂಘದ ಅಕ್ಕ. ಹೆಣ್ಣುಮಕ್ಕಳು ನಡೆಯದ ದಾರಿ ಒಳ್ಳೆ ದಾರಿಯಲ್ಲ ಅನ್ನುವುದು ಅವರ ಮಾತು. ನನ್ನ ಮಟ್ಟಿಗೆ ನಮ್ಮ ಅತಿ ಮುಖ್ಯ ನಿಯಮ ಇದೇ.

ಮೊದಲ ಗೌರವ ಸಂದದ್ದು ಒಂದು ಪಟ್ಟಣ ಪಂಚಾಯ್ತಿಯ ಸಂತೆ ಮೈದಾನಕ್ಕೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಅದು ಬರೀ ಮಣ್ಣಿನ ಬಯಲು. ಮಳೆ ಬಂದರೆ ಕೆಸರು, ವ್ಯಾಪಾರ ಎಲ್ಲ ಮುಖ್ಯರಸ್ತೆಗೆ ಬರುತ್ತಿತ್ತು, ಬಸ್ಸು ಲಾರಿ ನಿಲ್ಲುತ್ತಿದ್ದವು. ಅನುದಾನ ಬಂದಾಗ ಎಲ್ಲ ಕಡೆ ಆಗುವಂತೆ ಇಲ್ಲೂ ಶೀಟ್ ಹೊದಿಸಿದ ದೊಡ್ಡ ಶೆಡ್ ಒಂದರ ಅಂದಾಜು ಪಟ್ಟಿ ತಯಾರಾಗಿತ್ತು. ಅಲ್ಲಿನ ಜೆಇ (ಕಿರಿಯ ಇಂಜಿನಿಯರ್) ಟೆಂಡರ್‌ಗೆ ಮುಂಚೆ ಒಂದು ಕೆಲಸ ಮಾಡಿದರು. ಸಂತೆಯ ಹಿಂದಿನ ಸಂಜೆ ಬಯಲಲ್ಲಿ ಸುಣ್ಣದ ಪುಡಿಯಿಂದ ಕಟ್ಟೆಗಳನ್ನೂ ಓಡಾಡುವ ದಾರಿಯನ್ನೂ ಗುರುತು ಮಾಡಿದರು. ಮಾರನೇ ದಿನ ವ್ಯಾಪಾರಿಗಳು ಆ ಗೆರೆಯೊಳಗೇ ಕೂತರು. ಎಲ್ಲಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ, ತಳ್ಳುಗಾಡಿ ಎಲ್ಲಿ ತಿರುಗಲ್ಲ, ಎಲ್ಲ ಕಣ್ಣಿಗೆ ಬಿತ್ತು. ಗೆರೆ ಅಳಿಸಿ ಮತ್ತೆ ಹಾಕಿದರು. ಕಾಂಕ್ರೀಟ್ ಆಮೇಲೆ.

ಕಟ್ಟೆಯ ಎತ್ತರ ನೋಡಿ. ಅಂದಾಜು ಪಟ್ಟಿಯಲ್ಲಿ ಎರಡೂವರೆ ಅಡಿ ಇತ್ತು. ಕೊಳ್ಳುವವರು ಬಗ್ಗಬೇಕಿಲ್ಲ ಅನ್ನುವ ಲೆಕ್ಕ. ಸೊಪ್ಪು ಮಾರುವ ಅಜ್ಜಿಯೊಬ್ಬರು ಒಪ್ಪಲಿಲ್ಲವಂತೆ. ನಮಗೂ ಅದನ್ನೇ ಹೇಳಿದರು: “ಮೂಟೆ ಎತ್ತಿ ಅಷ್ಟೆತ್ತರಕ್ಕೆ ಇಡೋಕೆ ನನ್ನ ಸೊಂಟ ಕೇಳಲ್ಲಪ್ಪ. ದಿನವಿಡೀ ಹತ್ತಿ ಇಳಿಯೋಳೂ ನಾನೇ ತಾನೇ?” ಕೊನೆಗೆ ಕಟ್ಟೆ ಒಂದಡಿಗೆ ಇಳಿಯಿತು, ಅಂಚು ಮೊನಚಾಗಿರದಂತೆ ದುಂಡಗೆ ಮಾಡಿದರು. ಬಯಲಲ್ಲಿದ್ದ ಹೊಂಗೆ ಮರಗಳನ್ನು ಕಡಿಯಲಿಲ್ಲ, ಕಟ್ಟೆಯನ್ನೇ ಮರ ಸುತ್ತಿ ಹೋಗುವ ಹಾಗೆ ಕಟ್ಟಿದರು. ಮೀನಿನವರಿಗೆ ಇಳಿಜಾರಿನ ಕೊನೆಯಲ್ಲಿ ಜಾಗ, ತೊಳೆದ ನೀರು ತರಕಾರಿ ಕಡೆಗೆ ಹರಿಯಬಾರದು ಅಂತ. ಹೆಂಗಸರ ಶೌಚಾಲಯ ಹಿಂದಿನ ಮೂಲೆಯಲ್ಲಿಲ್ಲ, ಗೇಟಿನ ಪಕ್ಕ ದೀಪದ ಕಂಬದ ಕೆಳಗೇ ಇದೆ. ಬೀಗದ ಕೈ ಹೂ ಮಾರುವವರ ಹತ್ತಿರ.

ನಾವು ಹೋದ ದಿನ ಜೋರು ಮಳೆ. ಕೊಡೆ ಹಿಡಿದು ನಿಂತು ನೋಡಿದೆವು. ನೀರು ಜಾಲರಿ ಮುಚ್ಚಿದ ಚರಂಡಿಗೆ ಇಳಿದು ಹೋಗುತ್ತಿತ್ತು, ಸಂತೆ ನಡೆಯುತ್ತಲೇ ಇತ್ತು. ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು. ಇಷ್ಟು ವರ್ಷ ನಕ್ಷೆ ಬರೆದವನಿಗೆ, ನಕ್ಷೆಯೊಂದು ಮಳೆಯಲ್ಲಿ ಗೆದ್ದದ್ದನ್ನು ನೋಡುವ ಭಾಗ್ಯ ಎಷ್ಟು ಸಲ ಸಿಗುತ್ತದೆ?

ಸಮಿತಿಯಲ್ಲಿ ಒಪ್ಪಿಗೆ ಸುಲಭಕ್ಕೆ ಆಗಲಿಲ್ಲ. ಇನ್ನೊಂದು ಊರಿನ ವೃತ್ತವೂ ಪಟ್ಟಿಯಲ್ಲಿತ್ತು. ಕಾರಂಜಿ, ಬಣ್ಣದ ದೀಪ, ಅಚ್ಚುಕಟ್ಟಾದ ಹುಲ್ಲು. ಊರಿಗೆ ಶೋಭೆ ತಂದಿದೆ ಅಂತ ಮೇಷ್ಟ್ರು ವಾದಿಸಿದರು. ಅದು ಸುಳ್ಳಲ್ಲ, ಜನ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಪಕ್ಕದ ಶಾಲೆ ಬಿಡುವ ಹೊತ್ತಿಗೆ ಹೋಗಿ ನಿಂತೆವು. ವಾಹನಗಳು ಸಲೀಸಾಗಿ ತಿರುಗಲಿ ಅಂತ ರಸ್ತೆಯನ್ನು ಅಗಲ ಮಾಡಿದ್ದರು, ಮಕ್ಕಳು ದಾಟಲು ಮಧ್ಯೆ ಎಲ್ಲೂ ನಿಲ್ಲುವ ಜಾಗವಿರಲಿಲ್ಲ. ಮೇಷ್ಟ್ರೇ ಸುಮ್ಮನಾದರು. ವಾಪಸ್ ಬರುವಾಗ ಬಸ್ಸಲ್ಲಿ ಅವರೇ ಸಂತೆ ಮೈದಾನದ ಹೆಸರು ಹೇಳಿದರು.

ಆಮೇಲೆ ಯಾರಿಗೆ ಕೊಡುವುದು ಅನ್ನುವ ಪ್ರಶ್ನೆ. ಗೌರವ ಪಂಚಾಯ್ತಿ ಅಧ್ಯಕ್ಷರಿಗೆ ಹೋಗುವುದು ವಾಡಿಕೆ. ಇಲ್ಲಿ ಜೆಇ, ಕಟ್ಟೆ ಕಟ್ಟಿದ ಮೇಸ್ತ್ರಿ, ಸಂತೆ ಮುಗಿದ ಮೇಲೆ ಗುಡಿಸುವ ಪೌರಕಾರ್ಮಿಕರು, ವ್ಯಾಪಾರಿಗಳ ಪರವಾಗಿ ಆ ಅಜ್ಜಿ, ಅಧ್ಯಕ್ಷರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಇದು ಬರೀ ಸೌಜನ್ಯ ಅಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40 ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಯೋಜನೆಯಲ್ಲಿ ಅವರಿಗೆ ಪಾಲು ಅಂತ ಕಾನೂನೇ ಹೇಳಿದ ಮೇಲೆ ವೇದಿಕೆಯಲ್ಲಿ ಇರಬಾರದೇ?

ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರಿಂಟಿಂಗ್ ಪ್ರೆಸ್‌ನವರ ಹತ್ತಿರ ಸಿದ್ಧ ಒಕ್ಕಣೆ ಇತ್ತು, ಅಭಿವೃದ್ಧಿಯ ಹರಿಕಾರ, ಜನಾನುರಾಗಿ ಅಂತೆಲ್ಲ. ನಾನು ಬೇಡ ಅಂದೆ. ಸುಣ್ಣದ ಗೆರೆ ಹಾಕಿ ನೋಡಿದ್ದು, ಕಟ್ಟೆ ಇಳಿಸಿದ್ದು, ಹೊಂಗೆ ಉಳಿಸಿದ್ದು, ಇವನ್ನೇ ಒಂದೊಂದು ವಾಕ್ಯದಲ್ಲಿ ಬರೆದೆ. ಕಾರ್ಯಕ್ರಮದಲ್ಲಿ ಅದನ್ನು ಓದುವಾಗ ಪಕ್ಕದ ತಾಲ್ಲೂಕಿನ ಇಂಜಿನಿಯರೊಬ್ಬರು ಬರೆದುಕೊಳ್ಳುತ್ತಿದ್ದರು. ಆಮೇಲೆ ಅವರು ಟೇಪು ತಂದು ಕಟ್ಟೆ ಅಳೆದುಕೊಂಡು ಹೋದರಂತೆ. ಹೊಗಳಿಕೆಯ ಪತ್ರ ಗೋಡೆಗೆ ಹೋಗುತ್ತದೆ. ಕೆಲಸದ ವಿವರ ಇದ್ದರೆ ಮತ್ತೊಂದು ಊರಿಗೆ ಹೋಗುತ್ತದೆ. ಹಾಗಾಗಿ ಈಗ ಪ್ರತಿ ಪತ್ರದ ಹಿಂಬದಿಯಲ್ಲಿ ನಕ್ಷೆ, ಅಳತೆ, ಖರ್ಚು, ನಿರ್ವಹಣೆ ಯಾರದ್ದು ಅನ್ನುವುದನ್ನೂ ಅಚ್ಚು ಹಾಕಿಸುತ್ತೇವೆ.

ಈ ವರ್ಷ ಹಳೆಯ ಕೆಲಸಗಳಿಗೆ ಒಂದು ವಿಭಾಗ ಸೇರಿಸಿದ್ದೇವೆ. ಅಮೆರಿಕದ ಯೋಜಕರ ಸಂಘ 25 ವರ್ಷ ದಾಟಿದ ಮಹತ್ವದ ಯೋಜನೆಗಳನ್ನು ಬೇರೆಯಾಗಿಯೇ ಗುರುತಿಸುತ್ತದೆ. ನಮಗೂ ಅದು ಬೇಕು. 1898ರ ಪ್ಲೇಗ್ ನಂತರ ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರ ಎದ್ದವು. ಗಾಳಿ ಬೆಳಕು ಬರಲಿ ಅಂತ ಹಾಕಿದ ಆ ರಸ್ತೆಗಳಲ್ಲಿ, ಕಸ, ಮಲ ಸಾಗಿಸಲು ಅಂತ ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಜನ ಇವತ್ತಿಗೂ ಓಡಾಡುತ್ತಾರೆ. ನಮ್ಮ ಜಿಲ್ಲೆಯಲ್ಲೂ ಅಷ್ಟು ಹಳತಲ್ಲದಿದ್ದರೂ ಅಂಥ ಜಾಗಗಳಿವೆ. ನಕ್ಷೆಯಲ್ಲಿ ಪಾರ್ಕ್ ಅಂತ ಬರೆದದ್ದು ಇವತ್ತಿಗೂ ಪಾರ್ಕ್ ಆಗಿಯೇ ಇರುವ ಒಂದು ಬಡಾವಣೆಯನ್ನು ಅಲ್ಲಿನ ನಿವಾಸಿಗಳೇ ಸೂಚಿಸಿದ್ದಾರೆ. ಆ ಜಾಗವನ್ನು ನಿವೇಶನ ಮಾಡಬಾರದು ಅಂತ ಅವರ ಅಪ್ಪ ಅಮ್ಮಂದಿರು ಬರೆದ ಅರ್ಜಿಗಳ ಕಟ್ಟು ನಮ್ಮ ಕೈ ಸೇರಿದೆ, ಸಮಿತಿ ಈಗ ಅದನ್ನು ಓದುತ್ತಿದೆ.